ಮನೆಯೊಳಗೇ ಇರುವ ಬೆಕ್ಕಿಗೆ ಲಸಿಕೆ ಬೇಕೇ?

ಬೆಕ್ಕು ಸಾಕಿರುವ ಸ್ನೇಹಿತರು, ಅದರಲ್ಲೂ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇರುವವರು, ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: ಹೊಸ್ತಿಲು ದಾಟದ ಬೆಕ್ಕಿಗೆ ಚುಚ್ಚುಮದ್ದು ಏಕೆ, ಅದರಿಂದ ಕ್ಯಾನ್ಸರ್ ಬರುತ್ತದೆ ಎನ್ನುತ್ತಾರಲ್ಲ? ಮರಿಯಾಗಿದ್ದಾಗ ಒಂದನ್ನೂ ತಪ್ಪಿಸದೆ ಹಾಕಿಸಿ, ಬೆಳೆದ ಮೇಲೆ ಅಗತ್ಯಕ್ಕಿಂತ ಹೆಚ್ಚು ಹಾಕಿಸಬೇಡಿ ಎಂಬುದು ನನ್ನ ಉತ್ತರ.

ನಾನು ಎಲ್ಲಕ್ಕಿಂತ ಹೆಚ್ಚು ಹೆದರುವುದು ಪ್ಯಾನ್‌ಲ್ಯುಕೋಪೀನಿಯಕ್ಕೆ. ನಾಯಿಗಳ ಪಾರ್ವೋ ರೋಗದ ಬಳಗಕ್ಕೆ ಸೇರಿದ ಈ ವೈರಸ್ ಕರುಳಿನ ಒಳಪದರವನ್ನೂ ಬಿಳಿ ರಕ್ತಕಣಗಳನ್ನೂ ಒಟ್ಟಿಗೆ ನಾಶಮಾಡುತ್ತದೆ. ರೋಗ ತಗುಲಿದ ಮರಿ ನೀರಿನ ಬಟ್ಟಲಿನ ಮುಂದೆ ಮೈ ಮುದುಡಿ ಕುಳಿತು, ತಲೆಯನ್ನು ಬಟ್ಟಲಿನ ಮೇಲೆ ಬಾಗಿಸಿಕೊಂಡಿದ್ದರೂ ಒಂದು ಗುಟುಕು ನೀರನ್ನೂ ಕುಡಿಯಲಾರದು. ವೈರಸ್ಸನ್ನು ನೇರವಾಗಿ ಕೊಲ್ಲುವ ಔಷಧವನ್ನು ನೆಚ್ಚಿಕೊಳ್ಳುವಂತಿಲ್ಲ. ಸಲೈನ್ ಹಾಕಿ, ವಾಂತಿ ನಿಲ್ಲಿಸಿ, ಆರೈಕೆ ಮಾಡಿದರೂ ಸಾಯುವ ಮರಿಗಳು ಬಹಳ. ಈ ವೈರಸ್ ನೆಲದಲ್ಲಿ, ಬಟ್ಟೆಬರೆಗಳಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲದು, ನಮ್ಮ ಚಪ್ಪಲಿಗಂಟಿಕೊಂಡು ಒಳಗೆ ಬರಬಲ್ಲದು. ಬೆಕ್ಕು ಹೊರಗೆ ಹೋಗದಿದ್ದರೇನು, ನಾವು ಹೋಗುತ್ತೇವಲ್ಲ.

ಇದರ ವಿರುದ್ಧ ಲಸಿಕೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಸರಿಯಾದ ವಯಸ್ಸಿನಲ್ಲಿ ಹಾಕಿಸಬೇಕು. ತಾಯಿಯ ಹಾಲಿನಿಂದ ಬಂದ ಪ್ರತಿಕಾಯಗಳು ಮರಿಯ ಮೈಯಲ್ಲಿರುವಷ್ಟು ದಿನ ಲಸಿಕೆಯನ್ನು ನಿಷ್ಫಲಗೊಳಿಸುತ್ತವೆ, ಮತ್ತು ಅವು ಕರಗುವ ಕಾಲ ಒಂದೊಂದು ಮರಿಗೆ ಒಂದೊಂದು. ಆದ್ದರಿಂದಲೇ 6ರಿಂದ 8 ವಾರಗಳಿಗೆ ಆರಂಭಿಸಿ, 3–4 ವಾರಗಳಿಗೊಮ್ಮೆ, ಕನಿಷ್ಠ 16 ವಾರ ತುಂಬುವವರೆಗೆ ಕೊಡಿಸುವುದು, ಬಳಿಕ ಆರು ತಿಂಗಳಿಗೋ ವರ್ಷಕ್ಕೋ ಒಂದು ಬೂಸ್ಟರ್ ಹಾಕಿಸುವುದು. ಎರಡು ಹಾಕಿಸಿದ್ದೇವೆ ಎನ್ನುವವರನ್ನು ನಾನು ಕೇಳುವುದು, ಕೊನೆಯದು ಎಷ್ಟನೇ ವಾರದಲ್ಲಿ ಎಂದು.

ಅದೇ ಚುಚ್ಚುಮದ್ದಿನಲ್ಲಿ ಹರ್ಪಿಸ್ ಮತ್ತು ಕ್ಯಾಲಿಸಿ ಎಂಬ, ಬೆಕ್ಕಿಗೆ ನೆಗಡಿ-ಸೀನು ತರುವ ಎರಡು ವೈರಸ್ಸುಗಳ ಲಸಿಕೆಗಳೂ ಇರುತ್ತವೆ. ಅವು ಸೋಂಕನ್ನು ಪೂರ್ತಿ ತಡೆಯುವುದಿಲ್ಲ, ಅದರ ತೀವ್ರತೆಯನ್ನಷ್ಟೇ ತಗ್ಗಿಸುತ್ತವೆ. ಲಸಿಕೆ ಹಾಕಿಸಿದರೂ ಬೆಕ್ಕು ಸೀನುತ್ತದೆ ಎಂಬ ದೂರಿನಲ್ಲಿ ಹುರುಳಿದೆ. ರೇಬೀಸ್ ವಿಷಯದಲ್ಲಿ ಮಾತ್ರ ನಾನು ಯಾವ ಚೌಕಾಸಿಗೂ ಸಿದ್ಧಳಿಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಬೆಕ್ಕಾಗಲಿ ಮನುಷ್ಯರಾಗಲಿ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ.

ಇನ್ನು ಅಪಾಯದ ಮಾತು. ಚುಚ್ಚಿದ ಜಾಗದಲ್ಲಿ ಸಾರ್ಕೋಮ ಎಂಬ ಕ್ಯಾನ್ಸರ್ ಬೆಳೆಯಬಹುದೆಂದು ಅಮೆರಿಕದ ಪಶುವೈದ್ಯರು 1991ರಲ್ಲಿ ವರದಿ ಮಾಡಿದರು. ಇದು ಸುಳ್ಳು ಭಯವಲ್ಲ, ಆದರೆ ಅಪರೂಪ. ಅಂದಾಜುಗಳು ಬೇರೆ ಬೇರೆಯಾಗಿದ್ದರೂ ಸಾಮಾನ್ಯವಾಗಿ ಹೇಳುವುದು ಹತ್ತಾರು ಸಾವಿರ ಚುಚ್ಚುಮದ್ದುಗಳಿಗೆ ಒಂದರಂತೆ. ಪ್ರತಿ ಚುಚ್ಚುಮದ್ದಿಗೂ ಈ ಅಪಾಯ ಇದ್ದೇ ಇರುವುದರಿಂದ, ಒಂಟಿಯಾಗಿ ಮನೆಯೊಳಗಿರುವ ಬೆಳೆದ ಬೆಕ್ಕಿಗೆ ಮೂರು ರೋಗಗಳ (ಪ್ಯಾನ್‌ಲ್ಯುಕೋಪೀನಿಯ, ಹರ್ಪಿಸ್, ಕ್ಯಾಲಿಸಿ) ಲಸಿಕೆಯನ್ನು ವರ್ಷಕ್ಕೊಮ್ಮೆಯ ಬದಲು 3 ವರ್ಷಕ್ಕೊಮ್ಮೆ ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ರೇಬೀಸ್ ಲಸಿಕೆಯ ಅಂತರವನ್ನು ಆಯಾ ಲಸಿಕೆಯ ಸೂಚನೆಯಂತೆಯೇ ಪಾಲಿಸಿ. ಹೆಗಲುಗಳ ನಡುವೆ ಚುಚ್ಚದೆ ಕಾಲಿನ ಕೆಳಭಾಗದಲ್ಲಿ ಚುಚ್ಚುವಂತೆಯೂ, ಯಾವ ಕಾಲು ಎಂಬುದನ್ನು ಕಾರ್ಡಿನಲ್ಲಿ ಬರೆಯುವಂತೆಯೂ ಕೇಳಿಕೊಳ್ಳಿ; ಗಡ್ಡೆ ಬಂದರೂ ಕಾಲಿನಲ್ಲಾದರೆ ಶಸ್ತ್ರಚಿಕಿತ್ಸೆಗೆ ಅವಕಾಶ ಹೆಚ್ಚು.

ಲಸಿಕೆ ಹಾಕಿಸಿದ ಮೇಲೆ ಬೆಕ್ಕು ಒಂದೆರಡು ದಿನ ಮಂಕಾಗಿ, ಊಟ ಕಡಿಮೆ ಮಾಡಿದರೆ ಗಾಬರಿ ಬೇಡ. ಮುಖ ಊದುವುದು, ವಾಂತಿ, ಉಸಿರಾಟದ ತೊಂದರೆ ಕಂಡರೆ ತಕ್ಷಣ ವೈದ್ಯರ ಬಳಿಗೆ ಹಿಂದಿರುಗಿ. ಚುಚ್ಚಿದಲ್ಲಿನ ಗಂಟು 3 ತಿಂಗಳಾದರೂ ಕರಗದಿದ್ದರೆ, 2 ಸೆಂಟಿಮೀಟರಿಗಿಂತ ದೊಡ್ಡದಾದರೆ, ಅಥವಾ 1 ತಿಂಗಳ ನಂತರವೂ ಬೆಳೆಯುತ್ತಲೇ ಇದ್ದರೆ, ಅದನ್ನು ಸುಮ್ಮನೆ ಕೊಯ್ದು ತೆಗೆಸದೆ ಮೊದಲು ಒಂದು ಚೂರನ್ನು ಬಯಾಪ್ಸಿಗೆ ಕಳುಹಿಸುವಂತೆ ವೈದ್ಯರಿಗೆ ಹೇಳಿ.