ಕಾರ್ಡಿಗೊಂದು ಕವಚ

ಇಂದು ಬೆಳಿಗ್ಗೆ ಅಪ್ಪ, ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ತಮ್ಮ ಡೆಬಿಟ್ ಕಾರ್ಡಿಗೆ ಅಚ್ಚುಕಟ್ಟಾಗಿ ಸುತ್ತಿ ಪರ್ಸಿನಲ್ಲಿಡುತ್ತಿದ್ದರು. ಬಸ್ಸಿನ ನೂಕುನುಗ್ಗಲಿನಲ್ಲಿ ಯಾರಾದರೂ ಯಂತ್ರ ತಾಗಿಸಿ ಹಣ ಎಳೆದುಕೊಂಡಾರು ಎಂಬುದು ಅವರ ಭಯ.

ಕಾರ್ಡನ್ನು ಯಂತ್ರಕ್ಕೆ ತಾಗಿಸಿಯೇ ಪಾವತಿಸುವ (ಕಾಂಟ್ಯಾಕ್ಟ್‌ಲೆಸ್) ಸೌಲಭ್ಯ ನಡೆಯುವುದು ರೇಡಿಯೊ ಸಂಪರ್ಕದಿಂದ; ಹಾಳೆ ಅದನ್ನು ತಡೆಯುತ್ತದೆ ಎಂಬುದು ನಿಜವೇ. ಆದರೆ ಆ ಸಂಪರ್ಕ ಸಾಮಾನ್ಯವಾಗಿ ಏರ್ಪಡುವುದೇ ಕೆಲವು ಸೆಂಟಿಮೀಟರ್ ದೂರದಲ್ಲಿ, ಮತ್ತು ಪ್ರತಿ ಪಾವತಿಗೂ ಕಾರ್ಡಿನ ಚಿಪ್ ಹೊಸದೊಂದು ಸಂಕೇತವನ್ನು ಸೃಷ್ಟಿಸುವುದರಿಂದ ಒಮ್ಮೆ ಬಳಕೆಯಾದದ್ದು ಮತ್ತೆ ನಡೆಯುವುದಿಲ್ಲ. ಪಿನ್ ಇಲ್ಲದೆ ಒಂದು ಸಲಕ್ಕೆ ಪಾವತಿಸಬಹುದಾದ ಮೊತ್ತಕ್ಕೂ ರಿಸರ್ವ್ ಬ್ಯಾಂಕು 2021ರ ಜನವರಿಯಿಂದ 5,000 ರೂಪಾಯಿಯ ಮಿತಿ ಇಟ್ಟಿದೆ (ಮೊದಲು 2,000 ಇತ್ತು).

ಬ್ಯಾಂಕಿನ ಆ್ಯಪ್‌ನಲ್ಲಿ ಈ ತಾಗಿಸಿ ಪಾವತಿಸುವ ಸೌಲಭ್ಯವನ್ನೇ ಆಫ್ ಮಾಡಿಡುವುದು ನನಗೆ ಹಾಳೆಗಿಂತ ಭದ್ರವೆನಿಸುತ್ತದೆ. ಒಟಿಪಿ ಕೇಳುವ ಅಪರಿಚಿತರ ಕರೆ ಬಂದರೆ ಮಾತ್ರ ಅಪ್ಪ ಕುಶಲ ವಿಚಾರಿಸಿಯೇ ಫೋನ್ ಇಡುತ್ತಾರೆ.