ಆಂಬಿಯೆಂಟ್ ಬೆಳಕನ್ನು ಟೂಲ್‌ನ ಕೈಗೆ ಒಪ್ಪಿಸುವಾಗ

ಗೇಮ್ ಎಂಜಿನ್ನಿನಲ್ಲಿ, ಅಂದರೆ ವಿಡಿಯೋ ಆಟ ಕಟ್ಟುವ ಸಾಫ್ಟ್‌ವೇರಿನಲ್ಲಿ, ಒಂದು ಕೋಣೆಯನ್ನು ಕಟ್ಟಿ, ಕಿಟಕಿಯಿಂದ ಬಿಸಿಲು ಬೀಳುವಂತೆ ಒಂದೇ ಒಂದು ಡೈರೆಕ್ಷನಲ್ ಲೈಟ್ (ಸೂರ್ಯನಂತೆ ಒಂದೇ ದಿಕ್ಕಿನಿಂದ ಬೀಳುವ ಬೆಳಕು) ಇಟ್ಟು ನೋಡಿದರೆ, ಬಿಸಿಲು ತಾಗಿದ ನೆಲ ಮಾತ್ರ ಬೆಳಗುತ್ತದೆ, ಮೇಜಿನ ಅಡಿಯಲ್ಲಿ ಕಗ್ಗತ್ತಲು ಕವಿದಿರುತ್ತದೆ. ನಿಜವಾದ ಕೋಣೆಯಲ್ಲಿ ಹಾಗಿರುವುದಿಲ್ಲ. ಆಕಾಶದಿಂದಲೂ ಗೋಡೆ ನೆಲಗಳಿಂದಲೂ ಚೆದುರಿ ಬಂದ ಬೆಳಕು ಮೇಜಿನ ಅಡಿಯನ್ನೂ ಅಷ್ಟಿಷ್ಟು ಮುಟ್ಟಿರುತ್ತದೆ. ಆ ಚೆದುರಿದ ಬೆಳಕಿನ ಜಾಗದಲ್ಲಿ ಎಂಜಿನ್ ಇಟ್ಟುಕೊಳ್ಳುವ ಒಂದು ಅಂದಾಜಿಗೆ ಆಂಬಿಯೆಂಟ್ ಬೆಳಕು ಎಂದು ಹೆಸರು.

ಕೆಲವು ತಿಂಗಳಿಂದ ನಾನು ಯೂನಿಟಿ ಎಂಬ ಗೇಮ್ ಎಂಜಿನ್ನಿನ ಎಡಿಟರನ್ನು ಭಾಷಾ ಮಾಡೆಲ್ ಒಂದರ ಆದೇಶದಂತೆ ನಡೆಸುವ ಟೂಲ್ ಬರೆಯುತ್ತಿದ್ದೇನೆ. 2024ರ ನವೆಂಬರಿನಲ್ಲಿ ಪ್ರಕಟವಾದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ (ಭಾಷಾ ಮಾಡೆಲ್‌ಗಳನ್ನು ಹೊರಗಿನ ಟೂಲ್‌ಗಳಿಗೆ ಜೋಡಿಸುವ ನಿಯಮಾವಳಿ) ಮೂಲಕ ಆದೇಶ ಬರುತ್ತದೆ, ಎಡಿಟರಿನೊಳಗಿನ ನನ್ನ ಸ್ಕ್ರಿಪ್ಟ್ ಅದನ್ನು ನಡೆಸಿ ಉತ್ತರ ಕೊಡುತ್ತದೆ. ಆಂಬಿಯೆಂಟ್ ಬೆಳಕನ್ನು ಹೊಂದಿಸುವ ಆದೇಶವು ಎಲ್ಲಕ್ಕಿಂತ ಸುಲಭವೆಂದು ಭಾವಿಸಿ ಮೊದಲಿಗೆ ಅದನ್ನೇ ಬರೆದೆ. ರೆಂಡರ್ ಸೆಟ್ಟಿಂಗ್ಸ್ ಎಂಬ ಒಂದು ಕ್ಲಾಸ್, ಅದರಲ್ಲಿ ಒಂದು ಬಣ್ಣ; ಬರೆದರೆ ಮುಗಿಯಿತು ಎಂದುಕೊಂಡಿದ್ದೆ. ಇತರ ಯಾವ ಆದೇಶಕ್ಕೂ ಇಷ್ಟು ದಿನ ಹಿಡಿಯಲಿಲ್ಲ.

ಮೊದಲ ಸಲ ಆದೇಶ ನಡೆದಾಗ ಇಡೀ ಕೋಣೆ ಸುಣ್ಣದಲ್ಲಿ ಅದ್ದಿ ತೆಗೆದಂತೆ ಬೆಳ್ಳಗಾಯಿತು. ಮಾಡೆಲ್ ಬಣ್ಣವನ್ನು 0ರಿಂದ 255ರ ಅಳತೆಯಲ್ಲಿ ಕಳುಹಿಸಿತ್ತು, ನನ್ನ ಸ್ಕ್ರಿಪ್ಟ್ ಅದನ್ನು ಹಾಗೆಯೇ ಎಂಜಿನ್ನಿಗೆ ದಾಟಿಸಿತ್ತು. ಎಂಜಿನ್ ನಿರೀಕ್ಷಿಸುವುದು 0ರಿಂದ 1ರ ಅಳತೆಯನ್ನು. ಆದರೆ ಎಚ್‌ಡಿಆರ್ (ಹೈ ಡೈನಮಿಕ್ ರೇಂಜ್, ಬಹಳ ಪ್ರಖರ ಬೆಳಕನ್ನೂ ಹಿಡಿದಿಡುವ) ಬಣ್ಣಗಳಲ್ಲಿ 1ಕ್ಕಿಂತ ಹೆಚ್ಚಿನ ಸಂಖ್ಯೆಯೂ ಸಲ್ಲುವುದರಿಂದ 128 ಎಂಬುದು ತಪ್ಪು ಎನಿಸಿಕೊಳ್ಳಲಿಲ್ಲ, ಕಣ್ಣು ಕೋರೈಸುವ ಬೆಳಕು ಎನಿಸಿಕೊಂಡಿತು. ಟೂಲ್ ಮಾತ್ರ 'ಯಶಸ್ವಿ' ಎಂದು ಉತ್ತರಿಸಿತ್ತು. ಆ ಉತ್ತರವನ್ನು ನಂಬಿದ ಮಾಡೆಲ್ ಮುಂದಿನ ಕೆಲಸಕ್ಕೆ ಹೊರಟುಹೋಗಿತ್ತು. ಬೆಲೆಯೊಂದನ್ನು ಬರೆದದ್ದಕ್ಕೂ ದೃಶ್ಯದಲ್ಲಿ ಬೆಳಕು ಬಿದ್ದದ್ದಕ್ಕೂ ಇರುವ ಈ ಅಂತರವನ್ನು ಟೂಲ್ ಬರೆಯುವವನೇ ತುಂಬಿಕೊಡಬೇಕೆಂದು ನನಗೆ ಆಗ ಮನದಟ್ಟಾಯಿತು.

ಮೋಡ್‌ನ ವಿಷಯ ಇನ್ನೂ ಸೂಕ್ಷ್ಮವಾದದ್ದು; ಆಂಬಿಯೆಂಟ್ ಬೆಳಕನ್ನು ಯಾವುದರಿಂದ ಪಡೆಯಬೇಕೆಂಬ ಆಯ್ಕೆಯೇ ಮೋಡ್. ಯೂನಿಟಿಯ ಲೈಟಿಂಗ್ ವಿಂಡೋದಲ್ಲಿ ಆಂಬಿಯೆಂಟ್ ಮೂಲವಾಗಿ ಸ್ಕೈಬಾಕ್ಸ್ (ದೃಶ್ಯವನ್ನು ಸುತ್ತುವರಿದ ಆಕಾಶ), ಗ್ರೇಡಿಯೆಂಟ್ (ಆಕಾಶ, ನಡುಭಾಗ, ನೆಲಗಳಿಗೆ ಮೂರು ಬಣ್ಣ), ಕಲರ್ (ಎಲ್ಲೆಡೆ ಒಂದೇ ಬಣ್ಣ) ಎಂಬ ಮೂರು ಆಯ್ಕೆಗಳು ಕಾಣುತ್ತವೆ. ಕೋಡ್‌ನಲ್ಲಿ ಗ್ರೇಡಿಯೆಂಟಿಗೆ ಟ್ರೈಲೈಟ್ ಎಂದೂ ಕಲರ್‌ಗೆ ಫ್ಲ್ಯಾಟ್ ಎಂದೂ ಹೆಸರು. ಸಂಖ್ಯೆಗಳಾಗಿ ನೋಡಿದರೆ ಸ್ಕೈಬಾಕ್ಸ್ 0, ಟ್ರೈಲೈಟ್ 1, ಫ್ಲ್ಯಾಟ್ 3, ಮೆನುವಿನಲ್ಲಿ ಕಾಣದ ಕಸ್ಟಮ್ 4. ನಡುವಿನ 2 ಇಲ್ಲವೇ ಇಲ್ಲ. ಮೆನುವಿನಲ್ಲಿ ಮೂರನೆಯದಾಗಿ ಕಾಣುವ ಕಲರ್ ಅನ್ನು ಸೊನ್ನೆಯಿಂದ ಎಣಿಸಿದವರು 2 ಎಂದೇ ಕಳುಹಿಸುತ್ತಾರೆ. ಆದುದರಿಂದ ನನ್ನ ಟೂಲ್ ಈಗ ಮೋಡ್‌ಗೆ ಸಂಖ್ಯೆಯನ್ನು ಸ್ವೀಕರಿಸುವುದಿಲ್ಲ. ಮೆನುವಿನ ಹೆಸರನ್ನೂ ಕೋಡ್‌ನ ಹೆಸರನ್ನೂ ಒಪ್ಪಿಕೊಂಡು, ಉಳಿದುದನ್ನು ಕಾರಣ ಹೇಳಿ ಹಿಂದಿರುಗಿಸುತ್ತದೆ.

ಮೋಡ್ ಸ್ಕೈಬಾಕ್ಸ್‌ನಲ್ಲೇ ಇದ್ದು, ದೃಶ್ಯಕ್ಕೆ ಸ್ಕೈಬಾಕ್ಸ್ ಮೆಟೀರಿಯಲ್ ಕೂಡ ಇದ್ದಾಗ, ಬಣ್ಣವೊಂದನ್ನೇ ಬದಲಾಯಿಸಿದರೆ ಆ ಬಣ್ಣ ಫೈಲಿನಲ್ಲಿ ಸೇರಿಕೊಳ್ಳುತ್ತದೆಯೇ ಹೊರತು ಕೋಣೆಯಲ್ಲಿ ಏನೂ ಬದಲಾಗುವುದಿಲ್ಲ. ಫ್ಲ್ಯಾಟ್ ಮೋಡ್‌ನ ಬಣ್ಣಕ್ಕೂ ಗ್ರೇಡಿಯೆಂಟಿನ ಆಕಾಶದ ಬಣ್ಣಕ್ಕೂ ಇರುವ ಜಾಗ ಒಂದೇ ಎಂಬುದನ್ನೂ ಮರೆಯಬಾರದು. ಒಂದನ್ನು ಬರೆದರೆ ಇನ್ನೊಂದು ಅಳಿಸಿಹೋಗುತ್ತದೆ. ಹೀಗಾಗಿ ಮೋಡ್ ಮತ್ತು ಬಣ್ಣ ಒಂದೇ ಆದೇಶದಲ್ಲಿ ಒಟ್ಟಿಗೆ ಬರಬೇಕು, ಉತ್ತರದಲ್ಲಿ ಹಳೆಯ ಬೆಲೆಗಳೂ ಹೊಸ ಬೆಲೆಗಳೂ ಜೊತೆಯಾಗಿ ಹೋಗಬೇಕು ಎಂದು ನಿಯಮ ಮಾಡಿಕೊಂಡೆ. ಹಳೆಯ ಬೆಲೆ ಕೈಯಲ್ಲಿದ್ದರೆ ಮಾಡೆಲ್ ತಾನು ಕೆಡಿಸಿದ್ದನ್ನು ತಾನೇ ಸರಿಪಡಿಸಬಲ್ಲದು.

ಈ ಸೆಟ್ಟಿಂಗ್‌ಗಳು ಪ್ರತಿ ಸೀನ್‌ಗೂ ಬೇರೆ ಬೇರೆ; ಸೀನ್ ಎಂದರೆ ದೃಶ್ಯವೊಂದನ್ನು ಉಳಿಸಿಟ್ಟ ಫೈಲು. ಹಲವು ಸೀನ್‌ಗಳು ಒಟ್ಟಿಗೆ ತೆರೆದಿರುವಾಗ ಆಕ್ಟಿವ್ ಆಗಿರುವ ಸೀನಿನ ಆಂಬಿಯೆಂಟ್ ಮಾತ್ರ ಜಾರಿಯಲ್ಲಿರುತ್ತದೆ, ಸ್ಕ್ರಿಪ್ಟ್ ಬರೆಯುವುದೂ ಅದಕ್ಕೇ. ಆದೇಶದಲ್ಲಿ ಸೀನಿನ ಹೆಸರನ್ನು ಕಡ್ಡಾಯಗೊಳಿಸುವುದು, ಬದಲಾವಣೆಯಾದ ಮೇಲೆ ಸೀನ್ ಬದಲಾಗಿದೆಯೆಂದು ಎಡಿಟರಿಗೆ ತಿಳಿಸಿ ಉಳಿಸುವುದು, ಇವೆರಡೂ ಟೂಲ್‌ನ ಹೊಣೆ.

ಇಷ್ಟಾದ ಮೇಲೂ ಬೆಳಕು ನಿಜವಾಗಿ ಬಿದ್ದಿದೆಯೇ ಎಂದು ತಿಳಿಯಲು ನಾನು ನೆಚ್ಚಿಕೊಂಡಿರುವುದು ಒಂದು ಬಿಳಿ ಗೋಳವನ್ನು. ಹೊಳಪೇ ಇಲ್ಲದ ಮ್ಯಾಟ್ ಮೆಟೀರಿಯಲ್ ಹಚ್ಚಿದ ಗೋಳವೊಂದನ್ನು ಖಾಲಿ ಸೀನಿನಲ್ಲಿಟ್ಟು, ಉಳಿದ ದೀಪಗಳನ್ನೆಲ್ಲ ಆರಿಸಿ, ರಿಫ್ಲೆಕ್ಷನ್ನಿನ ತೀವ್ರತೆಯನ್ನು 0ಗೆ ಇಳಿಸಿ, ಪೋಸ್ಟ್ ಪ್ರೊಸೆಸಿಂಗ್ (ಚಿತ್ರ ಸಿದ್ಧವಾದ ಮೇಲೆ ಅದಕ್ಕೆ ಮಾಡುವ ತಿದ್ದುಪಡಿ) ತೆಗೆದು ಚಿತ್ರ ಹಿಡಿಯಬೇಕು. ಫ್ಲ್ಯಾಟ್ ಮೋಡ್‌ನಲ್ಲಿ ಗೋಳ ಒಂದು ಚಪ್ಪಟೆ ಬಿಲ್ಲೆಯಂತೆ ಕಾಣುತ್ತದೆ, ಅದರ ಬಣ್ಣ ನಾವು ಕೊಟ್ಟ ಬಣ್ಣಕ್ಕೆ ಬಹಳ ಹತ್ತಿರವಿರುತ್ತದೆ. ಗ್ರೇಡಿಯೆಂಟಿಗೆ ಆಕಾಶ ಕೆಂಪು, ನಡುಭಾಗ ಹಸಿರು, ನೆಲ ನೀಲಿ ಎಂದು ಕೊಟ್ಟರೆ ಗೋಳದ ನೆತ್ತಿ ಕೆಂಪಾಗಿ, ಸೊಂಟ ಹಸಿರಾಗಿ, ತಳ ನೀಲಿಯಾಗಿ ಕಾಣುತ್ತದೆ. ಬಣ್ಣಗಳ ನಡುವೆ ಗೆರೆ ಎಳೆದಂತಹ ಅಂಚು ಇರುವುದಿಲ್ಲ, ಒಂದು ಇನ್ನೊಂದರೊಳಗೆ ಕರಗುತ್ತಾ ಹೋಗುತ್ತದೆ. ಸುತ್ತಲಿನ ಬೆಳಕನ್ನೆಲ್ಲ ಎಂಜಿನ್ ಸ್ಫೆರಿಕಲ್ ಹಾರ್ಮೋನಿಕ್ಸ್ ಎಂಬ ಗಣಿತದ ರೂಪದಲ್ಲಿ, ಕೆಂಪು ಹಸಿರು ನೀಲಿಗಳಿಗೆ ತಲಾ 9ರಂತೆ ಕೇವಲ 27 ಸಂಖ್ಯೆಗಳಲ್ಲಿ ಹಿಡಿದಿಡುವುದೇ ಇದಕ್ಕೆ ಕಾರಣ. ಮಾಡೆಲ್‌ಗೆ ಈ ಚಿತ್ರವನ್ನೂ ನೆತ್ತಿ, ಸೊಂಟ, ತಳಗಳ ಮೂರು ಪಿಕ್ಸೆಲ್‌ಗಳ ಬೆಲೆಯನ್ನೂ ಉತ್ತರದಲ್ಲಿ ಕೊಡತೊಡಗಿದ ಮೇಲೆ 'ಯಶಸ್ವಿ' ಎಂಬ ಪದವನ್ನು ಟೂಲ್‌ನಿಂದ ತೆಗೆದೇ ಹಾಕಿದೆ.

ಸ್ಕೈಬಾಕ್ಸ್ ಮೋಡ್‌ನಲ್ಲಿ ಒಂದು ಹೆಜ್ಜೆ ಹೆಚ್ಚು. ಆಟ ನಡೆಯುತ್ತಿರುವಾಗ ಆಕಾಶದ ಮೆಟೀರಿಯಲ್ ಬದಲಾಯಿಸಿದರೆ ಹಿನ್ನೆಲೆ ಬದಲಾಗುತ್ತದೆ, ಆಂಬಿಯೆಂಟ್ ಹಳೆಯದೇ ಉಳಿಯುತ್ತದೆ. ಅದನ್ನು ಹೊಸದಾಗಿಸಲು ಯೂನಿಟಿಯ ಡೈನಮಿಕ್ ಜಿಐ ಎಂಬ ಕ್ಲಾಸಿನ ಅಪ್‌ಡೇಟ್ ಎನ್ವಿರಾನ್‌ಮೆಂಟ್ ಕರೆಯನ್ನು ಮಾಡಲೇಬೇಕು.

ಮೊನ್ನೆ ಅದೇ ಕೋಣೆಯನ್ನು ಮಾಡೆಲ್‌ಗೆ ಮತ್ತೆ ಕೊಟ್ಟೆ. ಹೊಸ ಸೀನ್‌ನೊಂದಿಗೆ ಯೂನಿಟಿ ತಾನಾಗಿ ಕೊಡುವ ನೆಲದ ಬಣ್ಣ 0.047, 0.043, 0.035, ಕಪ್ಪಿಗೆ ತೀರ ಹತ್ತಿರದ್ದು. ಮಾಡೆಲ್ ಗ್ರೇಡಿಯೆಂಟ್ ಮೋಡ್ ಆರಿಸಿ, ಮರದ ನೆಲಹಾಸಿಗೆ ಒಪ್ಪುವಂತೆ ಆ ಬಣ್ಣವನ್ನು ಕಂದು ಬಣ್ಣದತ್ತ ಎತ್ತಿ, ಗೋಳದ ತಳದ ಪಿಕ್ಸೆಲನ್ನು ಓದಿ, ಹೆಚ್ಚಾಯಿತೆಂದು ತುಸು ಇಳಿಸಿತು. ಕ್ಯಾಮೆರಾವನ್ನು ಬಗ್ಗಿಸಿ ನೋಡಿದಾಗ ಮೇಜಿನ ಹಲಗೆಯ ಅಡಿಭಾಗದಲ್ಲಿ ಮರದ ಎಳೆಗಳು ಮಸುಕಾಗಿ ಕಾಣುತ್ತಿದ್ದವು.