ಕತ್ತಲೆ ಬಿಡೋ ಟಾರ್ಚು

ಭಾನುವಾರ, 9 ಮಾರ್ಚ್ 2025

ರಾತ್ರಿ ಒಂಬತ್ತೂವರೆಗೆ ಕರೆಂಟ್ ಹೋಯ್ತು, ಯುಪಿಎಸ್ಸೂ ಕೈಕೊಡ್ತು, ಸರಿ ಅಂತ ಡೌನ್‌ಲೋಡ್ ಮಾಡಿಟ್ಟಿದ್ದ ಹಳೇ ಫ್ಯಾಂಟಮ್ ಲೇಡಿ ಕಾಮಿಕ್ಸ್ ಮೊಬೈಲಲ್ಲೇ ಓದ್ತಾ ಕೂತೆ. ತಮಾಷೆ ನೋಡಿ, ಇವಳ ಆಯುಧನೇ ಕತ್ತಲೆ. ನಾವು ಟಾರ್ಚ್ ಹಾಕಿದ್ರೆ ಬೆಳಕು ಬರುತ್ತೆ, ಇವಳು ಹಾಕಿದ್ರೆ ಕತ್ತಲೆ ಕವಿಯುತ್ತೆ, ಕಳ್ಳರು ತಡಕಾಡ್ತಿರೋವಾಗ ಬಿಡ್ತಾಳೆ ಏಟು. ನಿಜವಾದ ಹೆಸರು ಸಾಂಡ್ರಾ ನೈಟ್, ಅಮೆರಿಕದ ಸೆನೆಟರ್ ಮಗಳು. ಮುಖವಾಡನೂ ಇಲ್ಲ, ಆದ್ರೂ ಹೆತ್ತಪ್ಪನಿಗೇ ಗುರುತು ಸಿಗಲ್ಲ! ನಮ್ಮಪ್ಪ ಆಗಿದ್ರೆ ಗೇಟ್ ಹತ್ರ ಚಪ್ಪಲಿ ಸದ್ದಿಗೇ ಹಿಡಿದುಬಿಡ್ತಿದ್ರು.

ಇವಳು ಯಾರ ಸ್ವತ್ತು ಅನ್ನೋದೇ ಒಂದು ರಗಳೆ. 1941ರ ಆಗಸ್ಟಲ್ಲಿ ಕ್ವಾಲಿಟಿ ಕಾಮಿಕ್ಸ್‌ನವರ 'ಪೊಲೀಸ್ ಕಾಮಿಕ್ಸ್' ಮೊದಲ ಸಂಚಿಕೆಯಲ್ಲಿ ಬಂದಳು, ಚಿತ್ರ ಬರೆದೋನು ಆರ್ಥರ್ ಪೆಡ್ಡಿ, ಆದ್ರೆ ಕೆಲಸ ತಯಾರಾಗಿದ್ದು ಜೆರ್ರಿ ಐಗರ್ ಸ್ಟುಡಿಯೋದಲ್ಲಿ, ಅವರು ಪೇಜು ರೆಡಿ ಮಾಡಿ ಪಬ್ಲಿಷರ್‌ಗಳಿಗೆ ಸಪ್ಲೈ ಮಾಡೋರು. 1943ರಲ್ಲಿ ಕ್ವಾಲಿಟಿಯವರು ನಿಲ್ಲಿಸಿದ್ರು. ಐಗರ್, ಇವಳು ನಮ್ಮವಳೇ ಅಂತ 1947ರಲ್ಲಿ ಫಾಕ್ಸ್ ಅನ್ನೋ ಬೇರೆ ಕಂಪನಿಗೆ ಕೊಟ್ಟ. ಆಮೇಲೆ 1956ರಲ್ಲಿ ಕ್ವಾಲಿಟಿಯ ಪಾತ್ರಗಳನ್ನ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಕಾಮಿಕ್ಸ್ ತರೋ ಡಿಸಿ ಕಂಪನಿ ಕೊಂಡುಕೊಳ್ತು, ಇವಳೂ ಅದರಲ್ಲೇ ಬಂದಳು ಅಂತ ಅವರ ಲೆಕ್ಕ. ಒಂದೇ ಸೈಟು ಇಬ್ಬರಿಗೆ ಮಾರಿದ ಹಾಗಾಯ್ತು. ಆಗಿನ ಕಾನೂನು ಪ್ರಕಾರ 28 ವರ್ಷಕ್ಕೆ ಕಾಪಿರೈಟ್ ರಿನ್ಯೂ ಮಾಡಿಸ್ಬೇಕಿತ್ತು, ಇಷ್ಟೆಲ್ಲಾ ನಂದು ನಂದು ಅಂದೋರಲ್ಲಿ ಒಬ್ಬರೂ ಆ ಹಳೇ ಸಂಚಿಕೆಗಳಿಗೆ ಅದನ್ನ ಮಾಡಿಸ್ಲಿಲ್ಲ, ಅದಕ್ಕೇ ನಾನಿಲ್ಲಿ ಪುಕ್ಕಟೆ ಓದ್ತಿದೀನಿ.

ನನ್ನ ಕೇಳಿದ್ರೆ ಇವಳು ಫಾಕ್ಸ್ ಸಂಚಿಕೆಗಳಿಗೆ ಚಿತ್ರ ಬರೆದ ಮ್ಯಾಟ್ ಬೇಕರ್‌ಗೆ ಸೇರಬೇಕು. ಕಾಮಿಕ್ಸಲ್ಲಿ ಹೆಸರು ಮಾಡಿದ ಮೊದಮೊದಲ ಕಪ್ಪು ಕಲಾವಿದರಲ್ಲಿ ಒಬ್ಬ. ಹಳದಿ ಡ್ರೆಸ್ ಹೋಗಿ ನೀಲಿ ಡ್ರೆಸ್, ಕೆಂಪು ಕೇಪ್ ಬಂದಿದ್ದು ಫಾಕ್ಸ್ ಕಾಲದಲ್ಲಿ. ಕಥೆ ಸಪ್ಪೆ, ಗೆರೆ ಮಾತ್ರ ಅದ್ಭುತ. ಆದ್ರೆ 1948ರ ಏಪ್ರಿಲ್‌ನ 17ನೇ ಸಂಚಿಕೆ ಮುಖಪುಟ ನೋಡಿದ್ರೆ ಮುಜುಗರಾನೂ ಆಗುತ್ತೆ, ಹಗ್ಗದಲ್ಲಿ ಕಟ್ಟಿಹಾಕಿದ ಹೆಂಗಸು, ಕೊಂಡ್ಕೊಳ್ಳೋರು ಯಾರು ಅಂತ ಗೊತ್ತಿದ್ದೇ ಬರೆಸಿದ್ದು. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಕಾಮಿಕ್ಸ್ ಮಕ್ಕಳನ್ನ ಹಾಳು ಮಾಡ್ತಿದೆ ಅಂತ ಬರೆದ ಪುಸ್ತಕದಲ್ಲಿ ಸಾಕ್ಷಿಗೆ ಹಾಕಿದ್ದು ಇದನ್ನೇ, ಈಗ ಅದೇ ಕಾರಣಕ್ಕೆ ಸಂಗ್ರಹ ಮಾಡೋರು ಅದರ ಹಿಂದೆ ಬೀಳ್ತಾರೆ. ಬೇಕರ್ 1959ರಲ್ಲೇ ತೀರಿಕೊಂಡ, ಬರೀ 37 ವಯಸ್ಸು.

ಬ್ಯಾಟರಿ 6% ಇದೆ, 18ನೇ ಸಂಚಿಕೆ ನಾಳೆ. ಕರೆಂಟ್ ಇನ್ನೂ ಬಂದಿಲ್ಲ.